ವ್ಯಕ್ತಿವಾದ ಮತ್ತು ಸಮಷ್ಟಿವಾದ

ವ್ಯಕ್ತಿವಾದ ಮತ್ತು ಸಮಷ್ಟಿವಾದಗಳು ರಾಜಕೀಯ ಚಿಂತನೆಯ ಎರಡು ಮುಖ್ಯ ಧಾರೆಗಳು. ಸಮಾಜದ ಮೂಲ ಘಟಕ ವ್ಯಕ್ತಿ. ರಾಜ್ಯವೂ ಸಂಸ್ಥೆಗಳೂ ಇರುವುದು ವ್ಯಕ್ತಿಯ ಸ್ವಾತಂತ್ರ್ಯ ಮತ್ತು ಏಳಿಗೆಗಾಗಿ ಎಂಬುದು ವ್ಯಕ್ತಿವಾದದ ನಿಲುವು. ವ್ಯಕ್ತಿ ರೂಪುಗೊಳ್ಳುವುದೇ ಸಮುದಾಯದೊಳಗೆ. ಆದ್ದರಿಂದ ಒಟ್ಟು ಸಮುದಾಯದ ಹಿತಕ್ಕೆ ಮೊದಲ ಸ್ಥಾನ ಸಲ್ಲಬೇಕು ಎಂಬುದು ಸಮಷ್ಟಿವಾದದ ನಿಲುವು. ಯಾವ ರಾಜ್ಯವೂ ಇವೆರಡರಲ್ಲಿ ಒಂದನ್ನು ಮಾತ್ರ ಪೂರ್ಣವಾಗಿ ಅನುಸರಿಸಿಲ್ಲ. ಕರ್ನಾಟಕದಲ್ಲಿ ಈ ಚರ್ಚೆ ಗ್ರಂಥಗಳಿಗಿಂತ ಹೆಚ್ಚಾಗಿ ಮೀಸಲಾತಿ, ಭೂಮಿ, ಸಹಕಾರ ಸಂಘ ಮತ್ತು ಕುಟುಂಬದ ಆಸ್ತಿಯ ವಿಷಯಗಳಲ್ಲಿ ನಡೆದಿದೆ.

ಪದಗಳ ಹಿನ್ನೆಲೆ

'ವ್ಯಷ್ಟಿ' ಮತ್ತು 'ಸಮಷ್ಟಿ' ಎಂಬ ಜೋಡಿ ಪದಗಳು ವೇದಾಂತದಿಂದ ಬಂದವು. ಸದಾನಂದನ 'ವೇದಾಂತಸಾರ'ದಲ್ಲಿ ಇವನ್ನು ಮರ ಮತ್ತು ಕಾಡಿನ ಉದಾಹರಣೆಯಿಂದ ವಿವರಿಸಲಾಗಿದೆ. ಬಿಡಿಯಾಗಿ ನೋಡಿದರೆ ಮರಗಳು, ಒಟ್ಟಾಗಿ ನೋಡಿದರೆ ಕಾಡು. ಅಲ್ಲಿ ಇವು ಪರಸ್ಪರ ವಿರೋಧಿಗಳಲ್ಲ, ಒಂದೇ ವಸ್ತುವನ್ನು ನೋಡುವ ಎರಡು ಬಗೆಗಳು. ಆಧುನಿಕ ರಾಜ್ಯಶಾಸ್ತ್ರದಲ್ಲಿ ಈ ಪದಗಳಿಗೆ ವಿರೋಧದ ಅರ್ಥ ಸೇರಿಕೊಂಡಿತು. ಸಮಷ್ಟಿವಾದಕ್ಕೆ 'ಸಮೂಹವಾದ' ಎಂಬ ಪದವೂ ಬಳಕೆಯಲ್ಲಿದೆ.

ಮೂಲ ಪರಿಕಲ್ಪನೆಗಳು

ವ್ಯಕ್ತಿವಾದಕ್ಕೆ ಜಾನ್ ಲಾಕ್ 17ನೆಯ ಶತಮಾನದಲ್ಲಿ ಬಲವಾದ ತಳಹದಿ ಹಾಕಿದನು. ಜೀವ, ಸ್ವಾತಂತ್ರ್ಯ ಮತ್ತು ಆಸ್ತಿಯ ಹಕ್ಕುಗಳು ಸರ್ಕಾರ ಕೊಟ್ಟವಲ್ಲ. ಅವುಗಳ ರಕ್ಷಣೆಗಾಗಿಯೇ ಜನರು ಸರ್ಕಾರವನ್ನು ಒಪ್ಪಿಕೊಂಡರು ಎಂದು ಅವನು ವಾದಿಸಿದನು. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ 'ಆನ್ ಲಿಬರ್ಟಿ' ಕೃತಿಯಲ್ಲಿ, ಇತರರಿಗೆ ಹಾನಿಯಾಗುವುದನ್ನು ತಡೆಯಲು ಮಾತ್ರ ಸಮಾಜವು ವ್ಯಕ್ತಿಯ ಮೇಲೆ ಬಲಪ್ರಯೋಗ ಮಾಡಬಹುದು ಎಂಬ ಗೆರೆಯನ್ನು ಎಳೆದನು. ಸರ್ಕಾರದ ಕಾನೂನಿನಷ್ಟೇ ನೆರೆಹೊರೆಯ ಅಭಿಪ್ರಾಯವೂ ವ್ಯಕ್ತಿಯನ್ನು ತುಳಿಯಬಲ್ಲದು ಎಂದು ಗುರುತಿಸಿದ್ದು ಮಿಲ್‌ನ ವಿಶೇಷ. ಜಾತಿಯಿಂದ ಹೊರಹಾಕುವ, ಊರಿನಿಂದ ಬಹಿಷ್ಕರಿಸುವ ರೂಢಿಗಳನ್ನು ಕಂಡ ಸಮಾಜದಲ್ಲಿ ಈ ಮಾತಿನ ತೂಕವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಸಮಷ್ಟಿವಾದದ ಚರ್ಚೆಯಲ್ಲಿ ರೂಸೋನ 'ಸಾಮಾಜಿಕ ಒಪ್ಪಂದ' (1762) ಮತ್ತು ಅದರ 'ಸಾರ್ವತ್ರಿಕ ಇಚ್ಛೆ'ಯ ಕಲ್ಪನೆಯನ್ನು ಸಾಮಾನ್ಯವಾಗಿ ಮೊದಲು ಹೆಸರಿಸಲಾಗುತ್ತದೆ. ಮಾರ್ಕ್ಸ್ ಮತ್ತು ಎಂಗೆಲ್ಸ್ 1848ರ 'ಕಮ್ಯುನಿಸ್ಟ್ ಪ್ರಣಾಳಿಕೆ'ಯಲ್ಲಿ ವರ್ಗವನ್ನು ಇತಿಹಾಸದ ಕರ್ತೃವಾಗಿ ಕಂಡರು. ಆದರೆ ಸಮಷ್ಟಿವಾದವೆಂದರೆ ಸಮತಾವಾದ ಮಾತ್ರವಲ್ಲ. ರಾಷ್ಟ್ರವನ್ನೇ ಸರ್ವಸ್ವವೆಂದು ಸಾರಿದ ಫ್ಯಾಸಿಸಂ ಕೂಡ ಸಮಷ್ಟಿವಾದದ ಒಂದು ರೂಪ. ಹಾಗೆಯೇ ವ್ಯಕ್ತಿವಾದವನ್ನು ಸ್ವಾರ್ಥದೊಂದಿಗೆ ಗೊಂದಲಿಸಿಕೊಳ್ಳುವುದು ಸರಿಯಲ್ಲ. ಅದು ಹಕ್ಕು ಯಾರದು ಎಂಬುದನ್ನು ಕುರಿತ ಸಿದ್ಧಾಂತವೇ ಹೊರತು ನಡತೆಯ ಉಪದೇಶವಲ್ಲ.

ಎರಡು ವಾದಗಳ ನಡುವೆ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ವ್ಯಕ್ತಿವಾದಿಗೆ ಘಟಕ ಯಾವುದೆಂಬುದು ಮೊದಲೇ ನಿಶ್ಚಿತ. ಸಮಷ್ಟಿವಾದಿ ಮಾತ್ರ 'ಯಾವ ಸಮಷ್ಟಿ?' ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಕುಟುಂಬವೇ, ಜಾತಿಯೇ, ಹಳ್ಳಿಯೇ, ದುಡಿಯುವ ವರ್ಗವೇ, ರಾಷ್ಟ್ರವೇ? ಒಂದು ಸಮಷ್ಟಿಯ ಹಿತ ಮತ್ತೊಂದರ ಹಿತಕ್ಕೆ ವಿರುದ್ಧವಾಗಿರಬಹುದು. ಕರ್ನಾಟಕದ ಹಲವು ವಿವಾದಗಳ ತಿರುಳು ಇದೇ ಆಗಿದೆ.

ಹಳ್ಳಿಯೋ ವ್ಯಕ್ತಿಯೋ: ಸಂವಿಧಾನದ ಚರ್ಚೆ

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಬಿ. ಆರ್. ಅಂಬೇಡ್ಕರ್ ಅವರು, ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿರುವುದು ಸಂತೋಷದ ವಿಷಯ ಎಂದರು. ಹಳ್ಳಿಯನ್ನು ಸ್ವರಾಜ್ಯದ ಬುನಾದಿಯೆಂದು ಕಂಡ ಗಾಂಧಿವಾದಿ ಸದಸ್ಯರು ಇದನ್ನು ಬಲವಾಗಿ ಆಕ್ಷೇಪಿಸಿದರು. ಬಳಿಕ ಗ್ರಾಮ ಪಂಚಾಯಿತಿಗಳ ಸಂಘಟನೆಗೆ ಸಂಬಂಧಿಸಿದ 40ನೆಯ ವಿಧಿ ನಿರ್ದೇಶಕ ತತ್ವಗಳಲ್ಲಿ ಸೇರಿತು. ಆದರೂ ಗಾಂಧೀಜಿಯವರನ್ನು ಸಮಷ್ಟಿವಾದಿ ಎಂದು ಸರಳವಾಗಿ ಕರೆಯಲಾಗದು. 1946ರಲ್ಲಿ 'ಹರಿಜನ' ಪತ್ರಿಕೆಯಲ್ಲಿ ಅವರು ವಿವರಿಸಿದ ಹಳ್ಳಿಗಳ ವ್ಯವಸ್ಥೆಯ ಕೇಂದ್ರದಲ್ಲಿ ಇದ್ದುದು ವ್ಯಕ್ತಿಯೇ.

ಸಂವಿಧಾನದ ಪ್ರಸ್ತಾವನೆ ವ್ಯಕ್ತಿಯ ಘನತೆ ಮತ್ತು ರಾಷ್ಟ್ರದ ಏಕತೆಯನ್ನು ಒಟ್ಟಿಗೆ ಹೇಳುತ್ತದೆ. ಮೂಲಭೂತ ಹಕ್ಕುಗಳು ಬಹುಮಟ್ಟಿಗೆ ವ್ಯಕ್ತಿಯವು. ನಿರ್ದೇಶಕ ತತ್ವಗಳಲ್ಲಿ ಸಮುದಾಯದ ಸಂಪನ್ಮೂಲ, ದುರ್ಬಲ ವರ್ಗ, ಗ್ರಾಮ ಮುಂತಾದ ಸಾಮೂಹಿಕ ಘಟಕಗಳು ಬರುತ್ತವೆ.

ಮೈಸೂರು ಸಂಸ್ಥಾನ ಮತ್ತು ಮೀಸಲಾತಿ

ಅರ್ಹತೆ ವ್ಯಕ್ತಿಯದೋ, ಪ್ರಾತಿನಿಧ್ಯ ಸಮುದಾಯದ್ದೋ ಎಂಬ ಪ್ರಶ್ನೆ ಮೈಸೂರಿನಲ್ಲಿ ಸ್ವಾತಂತ್ರ್ಯಕ್ಕೆ ಬಹಳ ಮೊದಲೇ ಎದ್ದಿತು. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣರೇ ಹೆಚ್ಚಾಗಿದ್ದ ಆ ಕಾಲದಲ್ಲಿ, 1917ರಲ್ಲಿ ಪ್ರಜಾಮಿತ್ರ ಮಂಡಳಿ ಸ್ಥಾಪನೆಯಾಗಿ ಇತರ ಸಮುದಾಯಗಳಿಗೆ ಪಾಲು ಕೇಳಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ ಎಂ. ವಿಶ್ವೇಶ್ವರಯ್ಯನವರು ಶಿಕ್ಷಣವನ್ನು ಎಲ್ಲರಿಗೂ ವಿಸ್ತರಿಸಬೇಕೆಂದರೂ, ನೇಮಕಾತಿಯಲ್ಲಿ ದಕ್ಷತೆಯೇ ಅಳತೆಯಾಗಬೇಕೆಂದು ನಂಬಿದ್ದರು. ಅದೇ ವರ್ಷ ಅವರು ಹುದ್ದೆ ತೊರೆದುದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಈ ಪ್ರಸಂಗವನ್ನು ಅರ್ಹತೆಗೂ ಅನರ್ಹತೆಗೂ ನಡೆದ ಜಗಳವೆಂದು ಓದುವುದು ತಪ್ಪಾಗುತ್ತದೆ. ಒಬ್ಬ ಅಭ್ಯರ್ಥಿಯ ಅಂಕಗಳ ಹಿಂದೆ ಅವನ ಸಮುದಾಯಕ್ಕೆ ತಲೆಮಾರುಗಳಿಂದ ಸಿಕ್ಕ ಅಥವಾ ಸಿಗದ ಅಕ್ಷರವಿದೆ ಎಂಬುದೇ ಪ್ರಜಾಮಿತ್ರ ಮಂಡಳಿಯ ವಾದದ ಬಲವಾಗಿತ್ತು.

1962ರಲ್ಲಿ ಮೈಸೂರು ಸರ್ಕಾರ ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇ. 68ರಷ್ಟನ್ನು ಮೀಸಲಿಟ್ಟಿತು. ಎಂ. ಆರ್. ಬಾಲಾಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿ, ಮೀಸಲಾತಿ ಸಾಮಾನ್ಯವಾಗಿ ಶೇ. 50ಕ್ಕಿಂತ ಕಡಿಮೆಯಿರಬೇಕೆಂದಿತು. 1972ರಲ್ಲಿ ನೇಮಕವಾದ ಎಲ್. ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಸಲ್ಲಿಸಿತು. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಬಂದ 'ಕೆನೆಪದರ'ದ ನಿಯಮ ಎರಡು ವಾದಗಳ ಬೆಸುಗೆಯಾಗಿದೆ: ಸವಲತ್ತು ಸಮುದಾಯಕ್ಕೆ, ಜರಡಿ ಮಾತ್ರ ಒಂದೊಂದು ಕುಟುಂಬಕ್ಕೆ.

ಭೂಮಿ: ಸಾಮೂಹಿಕ ಹೋರಾಟ, ವೈಯಕ್ತಿಕ ಒಡೆತನ

1951ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಬಗ್ಗೆ ಎದ್ದ ತಕರಾರು ಉಳುವವನ ಹಕ್ಕಿನ ಪ್ರಶ್ನೆಯಾಗಿ ಬೆಳೆಯಿತು. ಎಚ್. ಗಣಪತಿಯಪ್ಪ ಗೇಣಿದಾರರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆಂಬಲಕ್ಕೆ ನಿಂತರು. ರಾಮಮನೋಹರ ಲೋಹಿಯಾ ಬಂದು ಭಾಗವಹಿಸಿ ಬಂಧನಕ್ಕೊಳಗಾದರು.

ಈ ಚಳವಳಿಯ ನಡೆ ಸಮಷ್ಟಿಯದು, ಬೇಡಿಕೆ ವ್ಯಕ್ತಿಯ ಒಡೆತನದ್ದು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ಸೋವಿಯತ್ ಮಾದರಿಯ ಸಾಮೂಹಿಕ ಬೇಸಾಯವನ್ನು ಕೇಳುವುದಿಲ್ಲ. ಪ್ರತಿಯೊಬ್ಬ ಗೇಣಿದಾರನ ಹೆಸರಿಗೂ ಜಮೀನು ಬರಲಿ ಎನ್ನುತ್ತದೆ. ಡಿ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಇದೇ ತರ್ಕ ಕಾನೂನಾಯಿತು. ಗೇಣಿ ಜಮೀನುಗಳೆಲ್ಲ ಮೊದಲು ಸರ್ಕಾರದಲ್ಲಿ ನಿಹಿತವಾದವು. ಬಳಿಕ ಗೇಣಿದಾರರು 7ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಭೂ ನ್ಯಾಯಮಂಡಳಿಯ ಮುಂದೆ ತಮ್ಮ ಸಾಗುವಳಿಯನ್ನು ರುಜುವಾತುಪಡಿಸಬೇಕಾಗಿತ್ತು. ಪರವಾಗಿ ತೀರ್ಪಾದವರಿಗೆ ಅಧಿಭೋಗದ ಹಕ್ಕು ದೊರೆಯಿತು. ಸುಮಾರು 8 ಲಕ್ಷ ಅರ್ಜಿಗಳು ಬಂದವು. ಹೀಗೆ ಪಡೆದ ಜಮೀನನ್ನು 15 ವರ್ಷ ಮಾರುವಂತಿರಲಿಲ್ಲ. ಭೂಮಿತಿಯ ಲೆಕ್ಕಕ್ಕೆ ಘಟಕವಾದದ್ದು ವ್ಯಕ್ತಿಯಲ್ಲ, ಕುಟುಂಬ: ಐದು ಜನರವರೆಗಿನ ಕುಟುಂಬಕ್ಕೆ 10 ಯೂನಿಟ್, ಅಂದರೆ ಖುಷ್ಕಿ ಭೂಮಿಯಾದರೆ 54 ಎಕರೆ.

ಕೊಟ್ಟ ಜಮೀನು ಕೈತಪ್ಪಿ ಹೋಗದಂತೆ ತಡೆಯುವುದು ವ್ಯಕ್ತಿಯ ರಕ್ಷಣೆಯೋ, ಅವನ ಸ್ವಾತಂತ್ರ್ಯದ ಮೊಟಕೋ? ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು ನಿಷೇಧಿಸಿದ 1978ರ ಕಾಯಿದೆಯಲ್ಲಿ ಈ ಪ್ರಶ್ನೆ ತೀವ್ರವಾಗಿ ಕಾಣುತ್ತದೆ. ಸರ್ವೋಚ್ಚ ನ್ಯಾಯಾಲಯ 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಸಾಲದ ಒತ್ತಡದಲ್ಲಿರುವವನು ಮಾಡುವ ಮಾರಾಟವನ್ನು ಸ್ವತಂತ್ರ ಆಯ್ಕೆ ಎನ್ನಲಾಗದೆಂಬುದು ಕಾಯಿದೆಯ ಪರವಾದ ವಾದ. ಕಷ್ಟಕಾಲದಲ್ಲಿ ಮಾರಲಾಗದ ಆಸ್ತಿ ಅರ್ಧ ಆಸ್ತಿಯೇ ಎಂಬುದು ಎದುರು ವಾದ.

2020ರ ತಿದ್ದುಪಡಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳಲು ಅವಕಾಶ ಮಾಡಿತು; ಭೂಮಿತಿಯನ್ನೂ ಇಮ್ಮಡಿಗೊಳಿಸಿತು. ರೈತನಿಗೆ ತನ್ನ ಭೂಮಿಯನ್ನು ಯಾರಿಗಾದರೂ ಮಾರುವ ಸ್ವಾತಂತ್ರ್ಯ ಸಿಕ್ಕಿತೆಂದು ಸರ್ಕಾರ ಸಮರ್ಥಿಸಿಕೊಂಡರೆ, ರೈತ ಸಮುದಾಯವೇ ಭೂಮಿ ಕಳೆದುಕೊಳ್ಳುತ್ತದೆಂದು ರೈತ ಸಂಘಟನೆಗಳು ವಿರೋಧಿಸಿದವು.

ಹಳ್ಳಿಯ ಸಾಮೂಹಿಕ ರೂಢಿಗಳು ಮತ್ತು ಸಹಕಾರ

ಸಿದ್ಧಾಂತದ ಹೆಸರಿಲ್ಲದೆಯೂ ಸಮಷ್ಟಿಯ ಏರ್ಪಾಡುಗಳು ಹಳೆಯ ಮೈಸೂರಿನ ಹಳ್ಳಿಗಳಲ್ಲಿದ್ದವು. ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲೂಕಿನ ಹಳ್ಳಿಮೈಸೂರು ಹೋಬಳಿಯಂತಹ ಸೀಮೆಗಳಲ್ಲಿ ಗದ್ದೆ ಒಬ್ಬೊಬ್ಬರದು, ಕೆರೆ ಊರಿನದು. ಕೆರೆಯ ನೀರನ್ನು ಸರದಿಯಂತೆ ಹಂಚುವ ನೀರುಗಂಟಿ, ದನ ಮೇಯುವ ಗೋಮಾಳ, ಗುಂಡುತೋಪು, ಒಬ್ಬರ ಹೊಲದ ಕೆಲಸಕ್ಕೆ ಮತ್ತೊಬ್ಬರು ಕೂಲಿಯಿಲ್ಲದೆ ಹೋಗಿ ಬದಲಿಗೆ ದುಡಿಮೆಯನ್ನೇ ಪಡೆಯುವ ಮುಯ್ಯಾಳು ಪದ್ಧತಿ ಇವೆಲ್ಲ ಈ ಏರ್ಪಾಡಿನ ಭಾಗಗಳು. ಇವನ್ನು ಸಮಾನತೆಯ ಮಾದರಿಗಳೆಂದು ಹೊಗಳುವಾಗ ಎಚ್ಚರ ಬೇಕು. ನೀರು ಹಂಚುವ ಕೆಲಸ ಯಾರದು, ಬಾವಿಯಿಂದ ನೀರು ಸೇದಬಾರದವರು ಯಾರು ಎಂಬುದನ್ನು ಜಾತಿಯೇ ನಿರ್ಧರಿಸುತ್ತಿತ್ತು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ 'ರಾಂಪುರ'ದ ಅಧ್ಯಯನದಿಂದ ರೂಪಿಸಿದ 'ಪ್ರಬಲ ಜಾತಿ'ಯ ಪರಿಕಲ್ಪನೆ, ಊರಿನ ಒಮ್ಮತದ ಹಿಂದೆ ಯಾರ ಮಾತು ನಡೆಯುತ್ತದೆ ಎಂಬುದನ್ನು ತೋರಿಸಿತು. ಅಂಬೇಡ್ಕರರ ಆಕ್ಷೇಪದ ಹುರುಳು ಇಲ್ಲಿದೆ.

ಸಹಕಾರ ಚಳವಳಿ ಸದಸ್ಯತ್ವವನ್ನು ಹುಟ್ಟಿನ ಬದಲು ಇಚ್ಛೆಯ ಮೇಲೆ ನಿಲ್ಲಿಸಿತು. 1905ರಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದ ಮೊದಲ ಇಂತಹ ಸಂಘಗಳಲ್ಲೊಂದು. ಇಂದು ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಜನ 'ಡೈರಿ' ಎಂದು ಕರೆಯುವ ಹಾಲು ಉತ್ಪಾದಕರ ಸಹಕಾರ ಸಂಘ ಈ ಮಿಶ್ರಣಕ್ಕೆ ಒಳ್ಳೆಯ ನಿದರ್ಶನ. ಹಸು ಸದಸ್ಯರ ಸ್ವಂತದ್ದು; ಹಣ ಸಲ್ಲುವುದು ಅವರವರ ಹಾಲಿನ ಅಳತೆ ಮತ್ತು ಜಿಡ್ಡಿನಂಶದ ಮೇಲೆ. ಆದರೆ ಮಾರಾಟ ಸಾಮೂಹಿಕ, ಹತ್ತು ಹಸು ಇರುವವರಿಗೂ ಒಂದೇ ಹಸು ಇರುವವರಿಗೂ ಮತ ಒಂದೇ.

ಕುಟುಂಬದೊಳಗಿನ ವ್ಯಕ್ತಿ

ಅವಿಭಕ್ತ ಕುಟುಂಬದ ಆಸ್ತಿ ಹಿಂದೂ ಕಾನೂನಿನಲ್ಲಿ ಸಮಷ್ಟಿಯ ಆಸ್ತಿ; ಆದರೆ ಆ ಸಮಷ್ಟಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲಿರಲಿಲ್ಲ. ಮೈಸೂರು ಸಂಸ್ಥಾನದ 1933ರ ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯಿದೆ ವಿಭಾಗದ ಸಮಯದಲ್ಲಿ ಕೆಲವು ಸ್ತ್ರೀಯರಿಗೆ ಪಾಲು ಕೊಟ್ಟಿತು. ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಯಾಗಿ, ಅದಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಸಹದಾಯಾದಿಗಳನ್ನಾಗಿ ಮಾಡಿತು. ಕೇಂದ್ರದ 2005ರ ತಿದ್ದುಪಡಿ ಮದುವೆಯ ಆ ಷರತ್ತನ್ನು ಬಿಟ್ಟಿತು.

ನ್ಯಾಯಾಲಯಗಳಲ್ಲಿ

ಕರ್ನಾಟಕದಿಂದ ಆರಂಭವಾದ ಎರಡು ವ್ಯಾಜ್ಯಗಳು ದೇಶದ ಮಟ್ಟದಲ್ಲಿ ಈ ಚರ್ಚೆಯ ಗಡಿಗಳನ್ನು ಗುರುತಿಸಿವೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಹುಟ್ಟಿದ ಪ್ರಶ್ನೆಯಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವಾನುಮತದಿಂದ ಸಾರಿತು.

ಇನ್ನೊಂದು ಬಸ್ಸುಗಳದ್ದು. ಖಾಸಗಿ ಒಪ್ಪಂದ ವಾಹನಗಳನ್ನು ಸರ್ಕಾರ ವಶಪಡಿಸಿಕೊಂಡದ್ದನ್ನು ಪ್ರಶ್ನಿಸಿದ ರಂಗನಾಥ ರೆಡ್ಡಿ ಪ್ರಕರಣದಲ್ಲಿ (1977) ಸ್ವಾಧೀನ ಸಿಂಧುವಾಯಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಪ್ರತ್ಯೇಕ ಅಭಿಪ್ರಾಯ ಬರೆದು, 39(ಬಿ) ವಿಧಿಯ 'ಸಮುದಾಯದ ಭೌತಿಕ ಸಂಪನ್ಮೂಲ'ಗಳಲ್ಲಿ ಖಾಸಗಿ ಸ್ವತ್ತೂ ಸೇರುತ್ತದೆ ಎಂದರು. 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ಬಹುಮತ, ಪ್ರತಿಯೊಂದು ಖಾಸಗಿ ಸ್ವತ್ತೂ ಹಾಗೆ ಸಮುದಾಯದ ಸಂಪನ್ಮೂಲವಾಗದು, ಸ್ವತ್ತಿನ ಸ್ವರೂಪ, ಅದರ ಕೊರತೆ ಮತ್ತು ಸಮುದಾಯದ ಮೇಲೆ ಅದರ ಪರಿಣಾಮವನ್ನು ನೋಡಿ ನಿರ್ಧರಿಸಬೇಕು ಎಂದಿತು. ನ್ಯಾಯಮೂರ್ತಿ ಬಿ. ವಿ. ನಾಗರತ್ನ ಭಾಗಶಃ ಒಪ್ಪಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಭಿನ್ನಮತ ದಾಖಲಿಸಿದರು.