ಪ್ಲಗಿನ್ ಭಾರ: ಸಂಗೀತ ಮುದ್ರಣದಲ್ಲಿ ಪ್ರೊಸೆಸರ್ ನಿರ್ವಹಣೆಯ ಇತಿಹಾಸ

ಸಂಗೀತ ಮುದ್ರಣದ ತಂತ್ರಾಂಶದೊಳಗೆ ಸೇರಿಕೊಂಡು ಧ್ವನಿಗೆ ಅನುರಣನವನ್ನೋ ಸ್ವರಶುದ್ಧಿಯನ್ನೋ ಕೊಡುವ, ಕೆಲವೊಮ್ಮೆ ತಾವೇ ವಾದ್ಯವಾಗಿ ನುಡಿಯುವ ಪ್ಲಗಿನ್‌ಗಳು ಕಂಪ್ಯೂಟರಿನ ಪ್ರೊಸೆಸರಿನ ಮೇಲೆ ಹೇರುವ ಗಣಿತದ ಹೊರೆಗೆ ಪ್ಲಗಿನ್ ಭಾರವೆಂದು ಹೆಸರು. ಸೆಕೆಂಡಿಗೆ 44,100 ಮಾದರಿಗಳಾಗಿ ವಿಭಜಿತವಾದ ಧ್ವನಿಯನ್ನು ಪ್ರೊಸೆಸರು ಬಫರ್ ಎಂಬ ಕಂತುಗಳಲ್ಲಿ ಪಡೆದು, ಮುಂದಿನ ಕಂತು ಬರುವುದರೊಳಗಾಗಿ ಲೆಕ್ಕ ಮುಗಿಸಿ ಒಪ್ಪಿಸತಕ್ಕದ್ದು. ಒಪ್ಪಿಸಲಾರದೆ ಹೋದರೆ ಹಾಡಿನ ನಡುವೆ ಚಟಚಟ ಸದ್ದು ಕೇಳಿಬರುತ್ತದೆ. ಈ ಹೊರೆಯನ್ನು ನಿಭಾಯಿಸಿದ ಉಪಾಯಗಳ ಚರಿತ್ರೆ ಬಹುಮಟ್ಟಿಗೆ ಕಾಲವನ್ನು ಸಾಲ ತಂದ ಚರಿತ್ರೆ.

ಕನ್ನಡ ಚಿತ್ರಗೀತೆಗಳ ಮುದ್ರಣಕ್ಕೆ ಮದರಾಸಿಗೆ ಹೋಗಬೇಕಾಗಿದ್ದ ಕಾಲವೂ, ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಸ್ಥಾಪಿಸಿದ ಕಾಲವೂ ಟೇಪಿನವು. ಅಲ್ಲಿ ಒಂದೊಂದು ಸಂಸ್ಕಾರಕ್ಕೂ ಒಂದೊಂದು ಯಂತ್ರವಿರುತ್ತಿದ್ದುದರಿಂದ ಈ ಸಮಸ್ಯೆಯೇ ಇರಲಿಲ್ಲ. 1991ರಲ್ಲಿ ಬಂದ ಪ್ರೋ ಟೂಲ್ಸ್ ಎಂಬ ಮುದ್ರಣ ವ್ಯವಸ್ಥೆ ಈ ಹೊರೆಯನ್ನು ಹೊರಲು ಮೋಟೊರೋಲಾದ ಪ್ರತ್ಯೇಕ ಚಿಪ್‌ಗಳುಳ್ಳ ದುಬಾರಿ ಕಾರ್ಡುಗಳನ್ನು ನೆಚ್ಚಿತು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ ವಿಎಸ್‌ಟಿ ಎಂಬ ಪ್ಲಗಿನ್ ಮಾನಕವನ್ನು ತಂದು ಇಡೀ ಹೊರೆಯನ್ನು ಕಂಪ್ಯೂಟರಿನ ಮುಖ್ಯ ಪ್ರೊಸೆಸರಿಗೇ ವಹಿಸಿತು. ಮುಂದೆ ಒಂದೇ ಕೋಣೆಯ ಸ್ಟುಡಿಯೋಗಳು ಸಾಧ್ಯವಾದುದಕ್ಕೆ ಮೂಲಕಾರಣ ಇದೇ. ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ 1997ರಲ್ಲಿಯೇ ಬೆಲ್ಜಿಯಂನಿಂದ ಫ್ರೂಟಿಲೂಪ್ಸ್ ಎಂಬ ಸಂಗೀತ ತಂತ್ರಾಂಶ ಹೊರಬಂದಿತು. ಎಫ್‌ಎಲ್ ಸ್ಟುಡಿಯೋ ಎಂಬ ಹೆಸರಿನಲ್ಲಿ ಇಂದಿನ ಹುಡುಗರು ಬಲ್ಲದ್ದು ಅದನ್ನೇ.

ಕುಷ್ಟಗಿ ಕಡೆಯ ಭಜನಾ ಮೇಳವೊಂದು ಇಂತಹ ಕೋಣೆಯಲ್ಲಿ ತತ್ವಪದ ಹಾಡಲು ಕುಳಿತಿದೆ ಎನ್ನೋಣ. ಬಫರು 128 ಮಾದರಿಗಳದ್ದಾದರೆ ವಿಳಂಬ ಸುಮಾರು 2.9 ಮಿಲಿಸೆಕೆಂಡು, ಶಬ್ದವು ಗಾಳಿಯಲ್ಲಿ ಒಂದು ಮೀಟರು ಸಾಗುವಷ್ಟು ಹೊತ್ತು, ಎಂದರೆ ತಾಳದವನು ಮಗ್ಗುಲಲ್ಲೇ ಕುಳಿತಂತೆ. ಪ್ಲಗಿನ್‌ಗಳಿಗೆ ಉಸಿರಾಡಲು ಎಡೆಯಾಗಲೆಂದು ಅದನ್ನು 1024ಕ್ಕೆ ಏರಿಸಿದರೆ 23 ಮಿಲಿಸೆಕೆಂಡಾಗುತ್ತದೆ. ತಾಳದವನು ಎಂಟು ಮೀಟರು ದೂರದ ಕಂಬಕ್ಕೆ ಒರಗಿ ಬಾರಿಸಿದಂತೆ! ಒಳಬರುವಾಗೊಮ್ಮೆ, ಹೊರಹೋಗುವಾಗೊಮ್ಮೆ ಈ ವಿಳಂಬ ಸಲ್ಲುವುದರಿಂದ, ಹೆಡ್‌ಫೋನಿನಲ್ಲಿ ತನ್ನ ದನಿಯನ್ನೇ ತಡವಾಗಿ ಕೇಳಿದ ಹಾಡುಗಾರ ಲಯ ತಪ್ಪುತ್ತಾನೆ. ಹಾಡಿಸುವಾಗ ಚಿಕ್ಕ ಬಫರು, ಮಿಕ್ಸಿಂಗಿಗೆ ದೊಡ್ಡ ಬಫರು ಎಂಬ ರೂಢಿ ಹುಟ್ಟಿದ್ದು ಹೀಗೆ.

ಅತ್ಯಂತ ಭಾರವಾದ ಸಂಸ್ಕಾರವೆಂದರೆ ನಿಜವಾದ ಕಟ್ಟಡವೊಂದರ ಅನುರಣನವನ್ನು ಹಾಡಿಗೆ ಕೂಡಿಸುವುದು. ಹಿಂದಿನ ಯಲಬುರ್ಗಾ ತಾಲ್ಲೂಕಿನ ಇಟಗಿಯಲ್ಲಿ, 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದೊಳಗೆ ನಿಂತು ಚಪ್ಪಾಳೆ ತಟ್ಟಿ, ಅದರ ಮಾರ್ದನಿ ಎರಡು ಸೆಕೆಂಡು ಉಳಿಯಿತೆಂದು ಎಣಿಸಿದರೆ, ಆ ಮಾರ್ದನಿಯಲ್ಲಿ 88,200 ಮಾದರಿಗಳಿರುತ್ತವೆ. ಹಾಡಿನ ಪ್ರತಿಯೊಂದು ಮಾದರಿಗೂ ಅಷ್ಟೊಂದು ಗುಣಾಕಾರಗಳನ್ನು ನೇರವಾಗಿ ಮಾಡುತ್ತ ಹೋದರೆ ಸೆಕೆಂಡಿಗೆ ಸುಮಾರು 389 ಕೋಟಿ ಗುಣಾಕಾರಗಳಾಗುತ್ತವೆ. ಇದನ್ನು ಸಾಧ್ಯವಾಗಿಸಿದ್ದು ಯಂತ್ರದ ಬಲವಲ್ಲ, ಗಣಿತ. ಕೂಲಿ ಮತ್ತು ಟ್ಯೂಕಿ 1965ರಲ್ಲಿ ಪ್ರಕಟಿಸಿದ ಶೀಘ್ರ ಫೂರಿಯೇ ಪರಿವರ್ತನೆಯನ್ನು ಆಶ್ರಯಿಸಿ, ಮಾರ್ದನಿಯನ್ನು ಮೊದಲು ಚಿಕ್ಕ, ತರುವಾಯ ದೊಡ್ಡ ಖಂಡಗಳಾಗಿ ಒಡೆದು, ವಿಳಂಬವಿಲ್ಲದೆ ಲೆಕ್ಕ ಮಾಡುವ ಕ್ರಮವನ್ನು ವಿಲಿಯಂ ಗಾರ್ಡ್‌ನರ್ 1995ರಲ್ಲಿ ತೋರಿಸಿಕೊಟ್ಟರು. ಈ ಇತಿಹಾಸದಲ್ಲಿ ಇದಕ್ಕಿಂತ ಚೆಲುವಾದ ಉಪಾಯ ಇನ್ನೊಂದಿಲ್ಲ.

ಉಳಿದವು ಮಿತವ್ಯಯದ ಕ್ರಮಗಳು. ಹತ್ತು ಟ್ರ್ಯಾಕಿಗೆ ಹತ್ತು ರಿವರ್ಬ್ (ಅನುರಣನದ ಪ್ಲಗಿನ್) ಹಚ್ಚದೆ ಎಲ್ಲವನ್ನೂ ಒಂದಕ್ಕೇ ಕಳುಹಿಸುವುದು ಅವುಗಳಲ್ಲಿ ಹಳೆಯದು. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ತಾಲ್ಲೂಕು ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ತೊಗಲುಗೊಂಬೆ ಕಲೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಗೊಂಬೆಗೊಂದು ದೀಪ ಯಾರೂ ಹಚ್ಚುವುದಿಲ್ಲ, ಪರದೆಯ ಹಿಂದಿನ ಬೆಳಕು ಎಲ್ಲಕ್ಕೂ ಸಲ್ಲುತ್ತದೆ. ಎರಡನೆಯದು, ಸಿದ್ಧವಾದ ಟ್ರ್ಯಾಕನ್ನು ಪ್ಲಗಿನ್ ಸಮೇತ ಧ್ವನಿಕಡತವಾಗಿ ಬರೆದಿಟ್ಟು ಪ್ಲಗಿನ್ನಿಗೆ ಬಿಡುವು ಕೊಡುವ ಫ್ರೀಜ್. ಇದು 2003ರ ಸುಮಾರಿಗೆ ಲಾಜಿಕ್, ಕ್ಯೂಬೇಸ್ ತಂತ್ರಾಂಶಗಳಲ್ಲಿ ಬಂದದ್ದು. ಪೆಂಟಿಯಂ 4ರ ಕಾಲದಲ್ಲೊಂದು ವಿಚಿತ್ರವೂ ನಡೆಯಿತು. ಅನುರಣನ ಅಡಗುತ್ತ ಅಡಗುತ್ತ ಸಂಖ್ಯೆಗಳು ಅತಿಸೂಕ್ಷ್ಮವಾದಾಗ ಪ್ರೊಸೆಸರು ಅವುಗಳನ್ನು ಗುಣಿಸಲು ತಿಣುಕಾಡುತ್ತಿತ್ತು. ಹಾಡು ಮುಗಿದ ಮೌನವೇ ಹಾಡಿಗಿಂತ ಭಾರವಾಯಿತು. ಆ ಸಂಖ್ಯೆಗಳನ್ನು ಸೊನ್ನೆಯೆಂದೇ ಎಣಿಸುವ ಏರ್ಪಾಡು ಇದಕ್ಕೆ ಮದ್ದಾಯಿತು.

2005ರಿಂದ ಬಂದ ಬಹುಕೋರ್ ಪ್ರೊಸೆಸರುಗಳು ನಿರೀಕ್ಷಿಸಿದಷ್ಟು ನೆರವಾಗಲಿಲ್ಲ. ಬೇರೆ ಬೇರೆ ಟ್ರ್ಯಾಕುಗಳನ್ನು ಕೋರ್‌ಗಳಿಗೆ ಹಂಚಬಹುದು. ಆದರೆ ಒಂದೇ ಟ್ರ್ಯಾಕಿನ ಎಂಟು ಪ್ಲಗಿನ್‌ಗಳಲ್ಲಿ ಪ್ರತಿಯೊಂದೂ ಹಿಂದಿನದರ ಫಲಕ್ಕಾಗಿ ಕಾಯಬೇಕಾದ್ದರಿಂದ ಆ ಸರಪಳಿಯನ್ನು ಹಂಚಲಾಗದು. ವಿಂಡೋಸ್ ಮೂವತ್ತು ಪ್ರತಿಶತ ತೋರಿಸುತ್ತಿರುವಾಗಲೇ ಹಾಡು ತುಂಡುತುಂಡಾಗುವುದೂ ಇದರಿಂದಲೇ: ಅಲ್ಲಿ ಕಾಣುವುದು ಎಲ್ಲ ಕೋರ್‌ಗಳ ಸರಾಸರಿ, ಗಡುವು ತಪ್ಪುವುದು ಒಂದರದ್ದು. ಇನ್ನು ಕೊಪ್ಪಳ ಸೀಮೆಯ ಬೇಸಗೆ ಬೇರೆ. ಲ್ಯಾಪ್‌ಟಾಪಿನ ಪ್ರೊಸೆಸರು ಕಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಕರೆಂಟು ಹೋಗಿ ಬ್ಯಾಟರಿಯ ಮೇಲೆ ನಿಂತಾಗಲೂ ಸಾಮಾನ್ಯವಾಗಿ ಹಾಗೆಯೇ. ಫೆಬ್ರವರಿಯ ಮುಂಜಾನೆಯ ತಂಪಿನಲ್ಲಿ ಸಲೀಸಾಗಿ ನಡೆದ ಪ್ರಾಜೆಕ್ಟು ಮೇ ತಿಂಗಳ ಮಧ್ಯಾಹ್ನ ಅದೇ ಯಂತ್ರದಲ್ಲಿ ತಡವರಿಸಬಹುದು.