ದಡಾರ ಮುಟ್ಟದ 98 ಅಜ್ಜ-ಅಜ್ಜಿಯರು

ನಮ್ಮ ಕಡೆ ಮಗುವಿಗೆ ದಡಾರ ಎದ್ದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಹೊರಗಿನವರು ಒಳಗೆ ಬರುವಂತಿಲ್ಲ. ಮಗುವಿನ ಪಕ್ಕ ಕೂರುವುದು ಅಜ್ಜಿ ಮಾತ್ರ. "ನಿಮಗೆ ಅಂಟಲ್ವಾ ಅಜ್ಜಿ?" ಎಂದು ಕೇಳಿ ನೋಡಿ. "ನಂಗೆ ಚಿಕ್ಕೋಳಿದ್ದಾಗಲೇ ಆಗಿದೆ ಕಣಪ್ಪ. ಒಂದ್ಸಲ ಬಂದ್ರೆ ಮತ್ತೆ ಬರಲ್ಲ ಬಿಡು" ಎನ್ನುತ್ತಾರೆ.

ಅಜ್ಜಿಯ ಮಾತು ನಿಜ. ಆದರೆ ಅದನ್ನು ಮೊದಲು ಲೆಕ್ಕ ಹಿಡಿದು ತೋರಿಸಿದವರು ಯಾರು? ಮೈಯೊಳಗೆ ಅದು ಹೇಗೆ ನಡೆಯುತ್ತದೆ? ಇದನ್ನು ಹುಡುಕುತ್ತಾ ಹೋದ ನಮಗೆ ಸಿಕ್ಕಿದ್ದು ದೂರದ ಸಮುದ್ರದ ನಡುವಿನ ಕೆಲವು ಹಳ್ಳಿಗಳ ಕಥೆ.

ಯುರೋಪಿನ ಉತ್ತರಕ್ಕೆ, ಸ್ಕಾಟ್ಲೆಂಡ್ ಮತ್ತು ಐಸ್‌ಲ್ಯಾಂಡ್ ನಡುವೆ ಫೆರೋ ಎಂಬ ದ್ವೀಪಗಳಿವೆ. ಡೆನ್ಮಾರ್ಕ್ ದೇಶಕ್ಕೆ ಸೇರಿದವು. 1846ರಲ್ಲಿ ಅಲ್ಲಿದ್ದವರು 7,782 ಜನ. ಕುರಿ ಸಾಕಣೆ, ಮೀನುಗಾರಿಕೆ, ತಿಮಿಂಗಿಲ ಬೇಟೆ ಅವರ ಬದುಕು. ಹೊರಗಿನಿಂದ ಹಡಗು ಬರುವುದೇ ಅಪರೂಪ. ಹಾಗಾಗಿ ಹೊರಗಿನ ರೋಗಗಳೂ ಅಪರೂಪ. ಅಲ್ಲಿಗೆ ದಡಾರ ಕೊನೆಯ ಸಲ ಬಂದು ಹೋಗಿದ್ದು 1781ರಲ್ಲಿ. ಆಮೇಲೆ 65 ವರ್ಷ ಅದರ ಸುಳಿವೇ ಇರಲಿಲ್ಲ.

1846ರ ಮಾರ್ಚ್ ಕೊನೆಯಲ್ಲಿ ಕೋಪನ್‌ಹೇಗನ್‌ನಿಂದ ಒಬ್ಬ ಬಡಗಿ ಹಡಗಿನಲ್ಲಿ ಬಂದಿಳಿದ. ಹೊರಡುವ ಮುಂಚೆ ದಡಾರ ಆದವರನ್ನು ನೋಡಿ ಬಂದಿದ್ದ. ಏಪ್ರಿಲ್ ಮೊದಲ ದಿನಗಳಲ್ಲಿ ಅವನ ಮೈಮೇಲೆ ಗುಳ್ಳೆ ಎದ್ದವು. ನಂತರ ಅವನ ಗೆಳೆಯರಿಗೆ, ಆಮೇಲೆ ಬೀದಿಗೆ, ಊರಿಗೆ, ಪಕ್ಕದ ದ್ವೀಪಕ್ಕೆ. ಕೆಲವೇ ತಿಂಗಳಲ್ಲಿ ಸುಮಾರು 6,000 ಜನ ಮಲಗಿದರು. ಮಕ್ಕಳಷ್ಟೇ ಅಲ್ಲ, ದುಡಿಯುವ ಗಂಡಸರು, ಹೆಂಗಸರು ಎಲ್ಲರೂ.

ಡೆನ್ಮಾರ್ಕ್ ಸರ್ಕಾರ ಇಬ್ಬರು ಯುವ ವೈದ್ಯರನ್ನು ಕಳಿಸಿತು. ಒಬ್ಬರ ಹೆಸರು ಪೀಟರ್ ಪಾನುಮ್. ವಯಸ್ಸು 25. ಕೊಡಲು ಅವರ ಬಳಿ ದೊಡ್ಡ ಔಷಧಿ ಏನೂ ಇರಲಿಲ್ಲ. ಅವರು ಮಾಡಿದ್ದು ನಮ್ಮಂಥ ವರದಿಗಾರರು ಮಾಡಬೇಕಾದ ಕೆಲಸ. ದೋಣಿ ಹತ್ತಿ ಊರೂರು ಸುತ್ತಿದರು. ಮನೆ ಮನೆ ಹೊಕ್ಕು ಕೇಳಿದರು. ಯಾರಿಗೆ ಯಾವಾಗ ಬಂತು, ಅದಕ್ಕೂ ಮುಂಚೆ ಯಾರ ಜೊತೆ ಎಲ್ಲಿಗೆ ಹೋಗಿದ್ದರು ಎಂದು ಬರೆದುಕೊಂಡರು.

ಒಂದು ಊರಿನ ಲೆಕ್ಕ ಹೀಗಿದೆ. ಟ್ಯೋರ್ನುವಿಕ್ ಎಂಬ ಹಳ್ಳಿಯ ಹತ್ತು ಗಂಡಸರು ಜೂನ್ 4ರಂದು ಒಂದೇ ದೋಣಿಯಲ್ಲಿ ಬೇರೊಂದು ಊರಿಗೆ ತಿಮಿಂಗಿಲ ಬೇಟೆಗೆ ಹೋಗಿದ್ದರು. ಜೂನ್ 18ರಂದು ಹತ್ತೂ ಜನರ ಮೈಮೇಲೆ ಗುಳ್ಳೆ. ಇಂಥ ಲೆಕ್ಕಗಳನ್ನು 52 ಹಳ್ಳಿಗಳಲ್ಲಿ ಸೇರಿಸಿ, ಸೋಂಕು ತಗುಲಿದ ಮೇಲೆ ಗುಳ್ಳೆ ಏಳಲು 13-14 ದಿನ ಬೇಕು ಎಂದು ಪಾನುಮ್ ಹೇಳಿದರು. ರೋಗ ಕೆಟ್ಟ ಗಾಳಿಯಿಂದ ಹುಟ್ಟುತ್ತದೆ ಎಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದ ಕಾಲ ಅದು. ಅಲ್ಲ, ದಡಾರ ಮನುಷ್ಯರಿಂದ ಮನುಷ್ಯರಿಗೆ ಬರುತ್ತದೆ ಎಂದು ಅವರು ತೋರಿಸಿದರು.

ಇನ್ನೊಂದು ವಿಚಾರ ಅವರ ಕಣ್ಣಿಗೆ ಬಿತ್ತು. ಊರಿಗೆ ಊರೇ ಮಲಗಿದ್ದರೂ ಕೆಲವು ಮುದುಕರು, ಮುದುಕಿಯರು ಆರಾಮಾಗಿ ಓಡಾಡುತ್ತಿದ್ದರು. ವಿಚಾರಿಸಿದರೆ, ಅವರೆಲ್ಲ 1781ರಲ್ಲಿ ಮಕ್ಕಳಾಗಿದ್ದಾಗ ದಡಾರ ಕಂಡವರು. ಅಂಥ 98 ಜನರನ್ನು ಪಾನುಮ್ ಖುದ್ದಾಗಿ ನೋಡಿದರು. ಒಬ್ಬರಿಗೂ ಎರಡನೇ ಸಲ ಬಂದಿರಲಿಲ್ಲ. ವಯಸ್ಸಾದವರಿಗೆ ದಡಾರ ಬರುವುದೇ ಇಲ್ಲವೇನೋ ಎನ್ನೋಣವೆಂದರೆ, 1781ರಲ್ಲಿ ತಪ್ಪಿಸಿಕೊಂಡಿದ್ದ ಮುದುಕರಿಗೆ ಈ ಸಲ ಬಂದಿತ್ತು.

ಅಂದರೆ ಕಾಪಾಡಿದ್ದು ವಯಸ್ಸಲ್ಲ, ಹಳೆಯ ರೋಗದ ನೆನಪು. 65 ವರ್ಷ ಆ ರೋಗಾಣುವನ್ನು ಒಮ್ಮೆಯೂ ಕಾಣದಿದ್ದರೂ ಅವರ ದೇಹ ಅದರ ಗುರುತು ಇಟ್ಟುಕೊಂಡಿತ್ತು. ನಮ್ಮ ಅಜ್ಜಿಯ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಹೇಗೆ ನೆನಪಿರುತ್ತದೆ ಎಂಬುದು ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ. ಅದು ಒಂದೊಂದೇ ತುಂಡಾಗಿ ತಿಳಿಯುತ್ತಾ ಬಂತು. 1882ರಲ್ಲಿ ಮೆಚ್ನಿಕೋಫ್ ಎಂಬ ವಿಜ್ಞಾನಿ ಇಟಲಿಯ ಕಡಲ ತೀರದಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಅದರ ಮೈ ಗಾಜಿನಂತೆ ಪಾರದರ್ಶಕ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. ನಮ್ಮ ರಕ್ತದಲ್ಲೂ ಹೀಗೆ ರೋಗಾಣುವನ್ನು ಮುತ್ತಿ ನುಂಗುವ ಬಿಳಿ ಕಣಗಳಿವೆ. 1890ರಲ್ಲಿ ಬರ್ಲಿನ್‌ನಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ಇನ್ನೊಂದು ವಿಷಯ ಕಂಡುಹಿಡಿದರು. ಧನುರ್ವಾಯುವಿನ ವಿಷ ತಡೆದುಕೊಳ್ಳುವಂತೆ ಮಾಡಿದ ಪ್ರಾಣಿಯ ರಕ್ತದ ತಿಳಿಯನ್ನು ಬೇರೆ ಪ್ರಾಣಿಗೆ ಕೊಟ್ಟರೆ ಅದೂ ಬದುಕುತ್ತಿತ್ತು. ರಕ್ತದಲ್ಲಿರುವ ಆ ವಸ್ತುವನ್ನೇ ಇಂದು ಪ್ರತಿಕಾಯ ಎನ್ನುತ್ತೇವೆ.

ಈಗ ನಮಗೆ ತಿಳಿದಿರುವುದನ್ನು ಹೊಲದ ಲೆಕ್ಕದಲ್ಲಿ ಹೇಳೋಣ. ಚರ್ಮ, ಕಣ್ಣೀರು, ಮೂಗಿನ ಸಿಂಬಳ ಮೊದಲ ಬೇಲಿ. ಬೇಲಿ ದಾಟಿ ಬಂದರೆ ನುಂಗುವ ಕಣಗಳಿವೆ. ಅವು ಕಾವಲು ನಾಯಿಯಂತೆ, ಯಾರೇ ಹೊಸಬರು ಬಂದರೂ ಎರಗುತ್ತವೆ. ಅಷ್ಟರಲ್ಲಿ ಇನ್ನೊಂದು ಬಗೆಯ ಬಿಳಿ ಕಣಗಳು ಬಂದವನ ಗುರುತು ಹಿಡಿಯುತ್ತವೆ. ಒಂದೊಂದು ಕಣಕ್ಕೆ ಒಂದೊಂದು ಗುರುತು ಮಾತ್ರ ಗೊತ್ತು. ಹೊಂದಿಕೆಯಾದ ಕಣ ಸಿಕ್ಕಿ, ಅದು ಸಾವಿರಾರಾಗಿ ಬೆಳೆದು, ಪ್ರತಿಕಾಯ ತಯಾರಿಸಲು ಒಂದೆರಡು ವಾರ ಬೇಕು. ಆ ಒಂದೆರಡು ವಾರ ತಡವಾಗುವುದರಿಂದಲೇ ನಾವು ಕಾಯಿಲೆ ಬೀಳುವುದು. ಗೆದ್ದ ಮೇಲೆ ಬಹುಪಾಲು ಕಣಗಳು ಸಾಯುತ್ತವೆ. ಕೆಲವು ಮಾತ್ರ ಉಳಿದುಕೊಳ್ಳುತ್ತವೆ. ಅವೇ ನೆನಪಿನ ಕಣಗಳು. ಅದೇ ರೋಗಾಣು ಮತ್ತೆ ಬಂದರೆ ಅವು ಕೂಡಲೇ ಎದ್ದು ನಿಲ್ಲುತ್ತವೆ. ಆ 98 ಜನರಲ್ಲಿ ಉಳಿದಿದ್ದು ಇದೇ ನೆನಪು.

ಹಾಗಾದರೆ ನೆಗಡಿ ಯಾಕೆ ಮತ್ತೆ ಮತ್ತೆ ಬರುತ್ತದೆ ಎಂದು ನೀವು ಕೇಳಬಹುದು. ನೆಗಡಿ ತರುವ ವೈರಾಣುಗಳು 200ಕ್ಕೂ ಹೆಚ್ಚು ಬಗೆ. ಪ್ರತಿ ಸಲ ಹೊಸ ಮುಖ.

ಹಾಗಿದ್ದ ಮೇಲೆ ದಡಾರ ಒಮ್ಮೆ ಬಂದು ಹೋಗಲಿ ಬಿಡಿ, ಜೀವನ ಪೂರ್ತಿ ರಕ್ಷಣೆ ಸಿಗುತ್ತದಲ್ಲ? ಈ ಮಾತನ್ನು ನಾವು ಊರಿನಲ್ಲಿ ಬಹಳ ಸಲ ಕೇಳಿದ್ದೇವೆ. ಇಲ್ಲೇ ಮೋಸ ಇರುವುದು.

ದಡಾರದ ವೈರಾಣು ದೇಹದ ಆ ನೆನಪಿನ ಕಣಗಳ ಒಳಗೇ ಹೊಕ್ಕು ಅವನ್ನು ಹಾಳು ಮಾಡುತ್ತದೆ. ತನ್ನ ನೆನಪೊಂದನ್ನು ಬಿಟ್ಟು ಬೇರೆ ರೋಗಗಳ ನೆನಪನ್ನು ಅಳಿಸುತ್ತದೆ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಹಾಕಿಸದೆ ದಡಾರ ಬಂದ 77 ಮಕ್ಕಳ ರಕ್ತವನ್ನು ಮೊದಲೂ ಆಮೇಲೂ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ರೋಗಾಣುಗಳ ವಿರುದ್ಧ ಆ ಮಕ್ಕಳಲ್ಲಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ ಶೇ. 73ರಷ್ಟು ಕಾಣೆಯಾಗಿದ್ದವು. ದಡಾರ ವಾಸಿಯಾದ ಮಗು ಆಮೇಲೆ ತಿಂಗಳುಗಟ್ಟಲೆ ನ್ಯುಮೋನಿಯಾ, ಭೇದಿ ಎಂದು ನರಳುವುದನ್ನು ಹಳ್ಳಿಯಲ್ಲಿ ಕಂಡವರಿದ್ದೀರಿ. "ದಡಾರ ಬಂದ ಮೇಲೆ ಮಗು ಸೊರಗಿ ಹೋಯ್ತು" ಎನ್ನುವುದು ಬರೀ ಮಾತಲ್ಲ.

ಲಸಿಕೆಯಿಂದ ಹೀಗಾಗುವುದಿಲ್ಲ. ಅದರಲ್ಲಿರುವುದು ಶಕ್ತಿಗುಂದಿಸಿದ ವೈರಾಣು. ಗುರುತು ಕಲಿಸುತ್ತದೆ, ಹಳೆಯ ನೆನಪು ಅಳಿಸುವುದಿಲ್ಲ. 1963ರಲ್ಲಿ ಈ ಲಸಿಕೆ ಬಳಕೆಗೆ ಬರುವ ಮುಂಚೆ ಜಗತ್ತಿನಲ್ಲಿ ದಡಾರದಿಂದ ವರ್ಷಕ್ಕೆ ಸುಮಾರು 26 ಲಕ್ಷ ಜನ ಸಾಯುತ್ತಿದ್ದರು.

ಇಲ್ಲಿ ನಮ್ಮದೊಂದು ತಪ್ಪನ್ನೂ ಹೇಳಬೇಕು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಹಾಕಿದರು. ವಾಟ್ಸಾಪ್‌ನಲ್ಲಿ ಸುಳ್ಳುಗಳು ಹರಿದಾಡಿದವು. ಕೆಲವು ಪೋಷಕರು ಆ ದಿನ ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಆಗಷ್ಟೇ ಈ ಕೆಲಸಕ್ಕೆ ಬಂದಿದ್ದ ನಾವು ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು, ಉದ್ಘಾಟನೆಗೆ ಯಾರು ಬಂದಿದ್ದರು ಎಂದು ಬರೆದು ಕಳಿಸಿದೆವು. ಲಸಿಕೆ ಮೈಯೊಳಗೆ ಏನು ಮಾಡುತ್ತದೆ ಎಂದು ಒಂದು ಸಾಲೂ ಬರೆಯಲಿಲ್ಲ. ಹೆದರಿದ್ದ ತಾಯಂದಿರಿಗೆ ಬೇಕಾಗಿದ್ದು ಆ ಒಂದು ಸಾಲು. 25 ವರ್ಷದ ಪಾನುಮ್ ಮನೆ ಮನೆ ಕೇಳಿ ಬರೆದದ್ದನ್ನು ಓದುವಾಗ ನಮಗೆ ಇದು ಚುಚ್ಚಿತು.

ಬೇವಿನ ಸೊಪ್ಪಿನ ಬಗ್ಗೆಯೂ ಒಂದು ಮಾತು. ಕಾಯಿಲೆ ಇರುವ ಮನೆಗೆ ಹೊರಗಿನವರು ಹೋಗಬಾರದು ಎಂಬ ಹಿರಿಯರ ಕಟ್ಟಳೆ ಒಳ್ಳೆಯದೇ. ಆದರೆ ದಡಾರ ಗುಳ್ಳೆ ಏಳುವ ನಾಲ್ಕು ದಿನ ಮುಂಚೆಯೇ ಅಂಟಲು ಶುರುವಾಗುತ್ತದೆ. ಮಗು ಕೆಮ್ಮಿದ ಗಾಳಿಯಲ್ಲಿ ವೈರಾಣು ಎರಡು ಗಂಟೆಯವರೆಗೂ ಇರಬಲ್ಲದು. ಬಾಗಿಲಿಗೆ ಸೊಪ್ಪು ಬರುವ ಹೊತ್ತಿಗೆ ಪಕ್ಕದ ಮನೆಯ ಕೂಸಿಗೂ ಅಂಟಿರಬಹುದು. ಆ ಕೂಸಿನ ಮೈಗೆ ಮೊದಲೇ ಗುರುತು ಗೊತ್ತಿರಬೇಕು, ಅಷ್ಟೇ ದಾರಿ.

ಅದಕ್ಕೆ ಎರಡು ಡೋಸ್ ಬೇಕು. ಮೊದಲನೆಯದು 9 ತಿಂಗಳು ತುಂಬಿದ ಮೇಲೆ, ವರ್ಷದೊಳಗೆ. ಎರಡನೆಯದು 16ರಿಂದ 24 ತಿಂಗಳೊಳಗೆ. ಮಗು ನಡೆಯಲು ಕಲಿತು, ಅಮ್ಮ ಮತ್ತೆ ಕೂಲಿಗೆ ಹೊರಟಿರುವ ಸಮಯ ಅದು, ಮರೆತುಹೋಗುವುದು ಸುಲಭ. ಇವತ್ತು ಸಂಜೆ ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿ. ಎರಡನೆಯದರ ಜಾಗ ಖಾಲಿ ಇದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಲಸಿಕೆಗೆ ದುಡ್ಡು ಕೊಡಬೇಕಿಲ್ಲ.

ಹಾಗೇ ಅಜ್ಜಿಯ ಹತ್ತಿರವೂ ಕೂತು ಕೇಳಿ. ಅವರಿಗೆ ದಡಾರ ಬಂದಾಗ ಜೊತೆಯಲ್ಲಿ ಎಷ್ಟು ಮಕ್ಕಳಿಗೆ ಬಂದಿತ್ತು, ಅದರಲ್ಲಿ ಎಷ್ಟು ಮಕ್ಕಳು ಉಳಿದರು ಎಂದು. ಒಂದು ಸಲ ಬಂದರೆ ಮತ್ತೆ ಬರುವುದಿಲ್ಲ ಎಂದು ಹೇಳಲು ಇವತ್ತು ನಮ್ಮ ಮುಂದೆ ಇರುವವರು ಬದುಕಿ ಉಳಿದವರು ಮಾತ್ರ.