ಕಿರುವಿಡಿಯೊ ಸೇವೆಗಳು

ಸುದ್ದಿ, ಹಾಸ್ಯ, ಹಾಡು, ಕುಣಿತಗಳ ಚಿಕ್ಕ ವಿಡಿಯೊಗಳನ್ನು ಅಂತರಜಾಲದ ಮೂಲಕ ಮೊಬೈಲ್‌ಗೆ ತಲುಪಿಸುವ ಸೇವೆಗಳು. ಈ ವಿಡಿಯೊಗಳು ಸಾಮಾನ್ಯವಾಗಿ ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದವರೆಗಿನವು. ಫೋನನ್ನು ನೆಟ್ಟಗೆ ಹಿಡಿದು ನೋಡಲು ಒಗ್ಗುವಂಥವು. ಭಾರತೀಯ ಭಾಷೆಗಳಲ್ಲಿ ಈ ಸೇವೆ ನೀಡುವ ಪ್ರಮುಖ ಕಂಪನಿಗಳಲ್ಲಿ ಹಲವು ಬೆಂಗಳೂರಿನವು.

ಈ ಉದ್ಯಮದ ಒಂದು ಬೇರು ಅಕ್ಷರ ರೂಪದ ಸುದ್ದಿಯಲ್ಲಿದೆ. 2009ರಲ್ಲಿ ಉಮೇಶ್ ಕುಲಕರ್ಣಿ ಮತ್ತು ಚಂದ್ರಶೇಖರ್ ಸೊಹೊನಿ ಆರಂಭಿಸಿದ ನ್ಯೂಸ್‌ಹಂಟ್, ದೇಶಭಾಷೆಗಳ ಪತ್ರಿಕೆಗಳನ್ನು ಮೊಬೈಲ್‌ನಲ್ಲಿ ಓದಲು ಅನುವು ಮಾಡಿತು. 2012ರಲ್ಲಿ ಅದನ್ನು ವೀರೇಂದ್ರ ಗುಪ್ತಾ ಅವರ ವರ್ಸ್ ಕಂಪನಿ ಕೊಂಡಿತು. 2015ರಲ್ಲಿ ಅದರ ಹೆಸರು ಡೈಲಿಹಂಟ್ ಎಂದಾಯಿತು. ಅದೇ ವರ್ಷ ಐಐಟಿ ಕಾನ್ಪುರದ ಮೂವರು ಪದವೀಧರರು ದೇಶಭಾಷೆಗಳ ಸಾಮಾಜಿಕ ಜಾಲತಾಣವಾದ ಶೇರ್‌ಚಾಟ್ ಅನ್ನು ಕಟ್ಟಿದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಮೊಬೈಲ್ ಸೇವೆ ಬಂದ ಮೇಲೆ ಡೇಟಾ ಅಗ್ಗವಾಗಿ, ಓದುವುದಕ್ಕಿಂತ ನೋಡುವುದು ಹೆಚ್ಚಿತು. ಆ ಬೇಡಿಕೆಯ ಬಹುಪಾಲು ಚೀನಾ ಮೂಲದ ಟಿಕ್‌ಟಾಕ್‌ಗೆ ಸಂದಿತು.

ಭಾರತ ಮತ್ತು ಚೀನಾ ಸೈನಿಕರ ನಡುವಿನ ಗಲ್ವಾನ್ ಘರ್ಷಣೆಯ ಬೆನ್ನಿಗೆ, 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ತೆರವಾದ ಜಾಗಕ್ಕೆ ಕೆಲವೇ ದಿನಗಳಲ್ಲಿ ಶೇರ್‌ಚಾಟ್‌ನ ಮೋಜ್ ಬಂದಿತು. ಅದೇ ವರ್ಷ ಡೈಲಿಹಂಟ್‌ನ ಜೋಶ್ ಸೇರಿಕೊಂಡಿತು. ಇನ್‌ಮೊಬಿ ಸಮೂಹದ ಗ್ಲಾನ್ಸ್ 2019ರಲ್ಲೇ ಕೊಂಡಿದ್ದ ರೊಪೊಸೊ ಎಂಬ ಕಿರುವಿಡಿಯೊ ಆ್ಯಪ್‌ಗೂ ಬಳಕೆದಾರರು ಹರಿದುಬಂದರು. ಕನ್ನಡವೂ ಇವುಗಳ ಭಾಷೆಗಳಲ್ಲೊಂದು.

ಇಂಥ ಸೇವೆಗಳಲ್ಲಿ ಒಂದೇ ವಿಡಿಯೊವನ್ನು ಹಲವು ಗುಣಮಟ್ಟಗಳಲ್ಲಿ ಇಟ್ಟುಕೊಂಡು, ನೆಟ್‌ವರ್ಕ್ ವೇಗಕ್ಕೆ ತಕ್ಕದ್ದನ್ನು ಕಳುಹಿಸಲಾಗುತ್ತದೆ. ಒಂದು ಮುಗಿಯುವ ಮೊದಲೇ ಮುಂದಿನದು ಫೋನಿಗೆ ಇಳಿಯತೊಡಗುತ್ತದೆ. ನೋಡುಗ ಎಷ್ಟು ಹೊತ್ತು ನಿಂತ, ಯಾವುದನ್ನು ಸರಿಸಿದ, ಯಾವುದನ್ನು ಹಂಚಿದ ಎಂಬುದರ ಮೇಲೆ ಮುಂದಿನ ಆಯ್ಕೆ ನಿರ್ಧಾರವಾಗುತ್ತದೆ. ನೋಡುಗರಿಗೆ ಸೇವೆ ಉಚಿತ. ಆದಾಯದ ಮುಖ್ಯ ಮೂಲ ಜಾಹೀರಾತು.

ಬಂಡವಾಳ ಧಾರಾಳವಾಗಿಯೇ ಬಂದಿತು. 2022ರ ಏಪ್ರಿಲ್‌ನಲ್ಲಿ ವರ್ಸ್ 80.5 ಕೋಟಿ ಡಾಲರ್ ಸಂಗ್ರಹಿಸಿತು. ಆದರೆ 2020ರಲ್ಲೇ ಭಾರತಕ್ಕೆ ಬಂದ ಇನ್‌ಸ್ಟಾಗ್ರಾಂನ ರೀಲ್ಸ್ ಮತ್ತು ಯೂಟ್ಯೂಬ್‌ನ ಶಾರ್ಟ್ಸ್, ಮೊದಲೇ ಇದ್ದ ಬಳಕೆದಾರರ ಬಲದಿಂದ ಕಠಿಣ ಪೈಪೋಟಿ ಒಡ್ಡಿದವು. 2022ರ ಫೆಬ್ರುವರಿಯಲ್ಲಿ ಶೇರ್‌ಚಾಟ್‌ನ ಮಾತೃಸಂಸ್ಥೆ ಇನ್ನೊಂದು ಕಿರುವಿಡಿಯೊ ಆ್ಯಪ್ ಆದ ಎಂಎಕ್ಸ್ ಟಕಾಟಕ್ ಅನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. 2023ರ ಜನವರಿಯಲ್ಲಿ ಸುಮಾರು ಶೇ. 20ರಷ್ಟು ಸಿಬ್ಬಂದಿಯನ್ನು ಕಡಿತಗೊಳಿಸಿತು.

2021ರ ಫೆಬ್ರುವರಿ 25ರಂದು ಪ್ರಕಟವಾದ ಮಾಹಿತಿ ತಂತ್ರಜ್ಞಾನ ನಿಯಮಗಳು ಈ ಸೇವೆಗಳಿಗೂ ಅನ್ವಯಿಸುತ್ತವೆ. ಅವುಗಳಂತೆ, 50 ಲಕ್ಷಕ್ಕೂ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಾಮಾಜಿಕ ಮಾಧ್ಯಮ ಸಂಸ್ಥೆ ಭಾರತದಲ್ಲಿ ನೆಲೆಸಿರುವ ದೂರು ನಿರ್ವಹಣಾಧಿಕಾರಿಯನ್ನು ನೇಮಿಸಬೇಕು.